ಹಳೆಯ ಸಣ್ಣ ಕಾರಿನ ಸೈಲೆನ್ಸರ್ ಬದಲಿಸುವ ಮುನ್ನ: ಹಾಳಾದ ಒಂದು ಎಂಜಿನ್ನಿನ ವಿವರ

ಹಳೆಯ ಸಣ್ಣ ಕಾರುಗಳ ‘ಪಿಕಪ್’ ಹೆಚ್ಚಿಸಿಕೊಡುವ ಗ್ಯಾರೇಜುಗಳಲ್ಲಿ ಕೆಲಸ ಸಾಮಾನ್ಯವಾಗಿ ಸೈಲೆನ್ಸರಿನಿಂದ ಆರಂಭವಾಗಿ, ಏರ್ ಫಿಲ್ಟರಿಗೆ ಸಾಗಿ, ಕೊನೆಗೆ ಎಂಜಿನ್ನಿನ ಒಳಭಾಗವನ್ನು ಮುಟ್ಟುತ್ತದೆ. ನನ್ನ ಕಾರಿನಲ್ಲಿಯೂ ಕೆಲಸ ಇದೇ ಕ್ರಮದಲ್ಲಿ ನಡೆಯಿತು, ಮತ್ತು ಎಂಜಿನ್ ಹಾಳಾಗಲು ಯಾವುದೋ ಒಂದು ಬಿಡಿಭಾಗಕ್ಕಿಂತ ಈ ಕ್ರಮವೇ ಮುಖ್ಯ ಕಾರಣ ಎಂಬುದು ನನ್ನ ಅಭಿಪ್ರಾಯ. ಎಂಜಿನ್ ತನ್ನ ತೊಂದರೆಯನ್ನು ಮೊದಲು ತಿಳಿಸುವುದು ಸದ್ದಿನ ಮೂಲಕ. ಆ ಸದ್ದನ್ನು ತನ್ನ ಅಬ್ಬರದಲ್ಲಿ ಮುಳುಗಿಸುವಂಥ ಸೈಲೆನ್ಸರನ್ನು ಮೊದಲೇ ಕೂರಿಸಿಬಿಟ್ಟರೆ, ಆಮೇಲೆ ನಡೆಯುವ ಪ್ರತಿಯೊಂದು ಕೆಲಸದ ದೋಷವೂ ಅದರಡಿಯಲ್ಲಿ ಮುಚ್ಚಿಹೋಗುತ್ತದೆ. ಗ್ಯಾರೇಜಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ರೀತಿ ಕೆಲಸ ಮಾಡುವವರು ಇನ್ನೂ ಅನೇಕರಿದ್ದಾರೆ.

ಕಾರು 1.3 ಲೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನದು. ಫ್ಯೂಯೆಲ್ ಇಂಜೆಕ್ಷನ್ ಸಣ್ಣ ಕಾರುಗಳಿಗೆ ಆಗಷ್ಟೇ ಬರುತ್ತಿದ್ದ ಕಾಲದ ವಿನ್ಯಾಸವಾದ್ದರಿಂದ, ಇಂಜೆಕ್ಟರುಗಳಿದ್ದರೂ ಕಿಡಿಯನ್ನು ಹಂಚಲು ಹಳೆಯ ಮಾದರಿಯ ಡಿಸ್ಟ್ರಿಬ್ಯೂಟರೇ ಇತ್ತು. ಹೊಗೆಯಲ್ಲಿ ಉಳಿದಿರುವ ಆಮ್ಲಜನಕವನ್ನು ಗ್ರಹಿಸುವ ಒಂದು ಆಕ್ಸಿಜನ್ ಸೆನ್ಸರ್ ಇತ್ತು. ಆದರೆ ನಾಕಿಂಗನ್ನು (ಸಿಲಿಂಡರಿನೊಳಗೆ ಮಿಶ್ರಣ ತಾನಾಗಿಯೇ ಸ್ಫೋಟಿಸುವುದನ್ನು) ಗುರುತಿಸಿ ತಾನಾಗಿಯೇ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ತಗ್ಗಿಸುವ ನಾಕ್ ಸೆನ್ಸರ್ ಇರಲಿಲ್ಲ. ಈಗಿನ ಕಾರುಗಳಲ್ಲಿ ತಪ್ಪು ಟ್ಯೂನಿಂಗನ್ನು ಕಂಪ್ಯೂಟರ್ ಸ್ವಲ್ಪಮಟ್ಟಿಗಾದರೂ ತಡೆದುಕೊಳ್ಳುತ್ತದೆ. ಈ ಬಗೆಯ ಹಳೆಯ ಎಂಜಿನ್ನಿನಲ್ಲಿ ಆ ಕೆಲಸವನ್ನು ಚಾಲಕನ ಕಿವಿಯೇ ಮಾಡಬೇಕು. ಇದು ಗ್ಯಾರೇಜಿನವರಿಗೆ ತಿಳಿಯದ ಸಂಗತಿಯಲ್ಲ.

ಮೊದಲು ಅವರು ಮೂಲ ಸೈಲೆನ್ಸರನ್ನೂ ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕಳಚಿ, 38 ಮಿಲಿಮೀಟರ್ ಒಳವ್ಯಾಸದ ಕೊಳವೆಯ ಜಾಗದಲ್ಲಿ 57 ಮಿಲಿಮೀಟರಿನ ಕೊಳವೆಯನ್ನು ಹಾಕಿದರು. ಕೊಳವೆ ದಪ್ಪವಾದಷ್ಟೂ ಎಂಜಿನ್ ಸರಾಗವಾಗಿ ಉಸಿರಾಡುತ್ತದೆ ಎಂಬುದು ಅವರ ವಾದ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ವ್ಯಾಸ ಒಂದೂವರೆ ಪಟ್ಟಾದಾಗ ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣ 2.25 ಪಟ್ಟಾಗುತ್ತದೆ, ಅಷ್ಟೇ ಹೊಗೆ ಅದರೊಳಗೆ ಹರಿಯುವಾಗ ಅದರ ವೇಗ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಹೊರಹೋಗುವ ಹೊಗೆಯ ಓಟವೇ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹಿಂದಿನಿಂದ ಸೆಳೆದುಕೊಳ್ಳುವುದರಿಂದ, ಆ ಓಟ ಕುಂದಿದಾಗ ಕಡಿಮೆ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು ಕಡಿಮೆಯಿದ್ದಾಗ) ಎಂಜಿನ್ನಿನ ಎಳೆತವೂ ಕುಂದುತ್ತದೆ. ಎಂಜಿನ್ನಿಗೆ ‘ಬ್ಯಾಕ್ ಪ್ರೆಶರ್’ ಬೇಕೇಬೇಕು ಎಂದು ಇದನ್ನು ವಿವರಿಸುವವರಿದ್ದಾರೆ, ಅದೂ ಸರಿಯಲ್ಲ. ಹೊಗೆಯನ್ನು ತಡೆಯುವ ಒತ್ತಡದಿಂದ ಯಾವ ಎಂಜಿನ್ನಿಗೂ ಲಾಭವಿಲ್ಲ, ಲಾಭವಿರುವುದು ಹೊಗೆಯ ವೇಗದಿಂದ ಮತ್ತು ಅದರ ಒತ್ತಡದ ಅಲೆಗಳು ಸರಿಯಾದ ಹೊತ್ತಿಗೆ ವಾಲ್ವನ್ನು ತಲುಪುವುದರಿಂದ. ಸಣ್ಣ ಎಂಜಿನ್ನಿಗೆ ತಯಾರಕರು ಕಿರಿದಾದ ಕೊಳವೆಯನ್ನು ಕೊಟ್ಟಿರುವುದು ಖರ್ಚು ಉಳಿಸಲು ಮಾತ್ರವಲ್ಲ.

ಕಾರು ಹೊರಬಂದಾಗ ಸದ್ದು ಜೋರಾಗಿತ್ತು, ಆದ್ದರಿಂದ ವೇಗವೂ ಹೆಚ್ಚಿದಂತೆ ಭಾಸವಾಗುತ್ತಿತ್ತು. ಏರು ರಸ್ತೆಯಲ್ಲಿ ಮಾತ್ರ ಹಿಂದೆ ಮೂರನೆಯ ಗೇರಿನಲ್ಲಿ ಹತ್ತುತ್ತಿದ್ದಲ್ಲಿ ಎರಡಕ್ಕೆ ಇಳಿಸಬೇಕಾಗುತ್ತಿತ್ತು. ಇದನ್ನು ಹೇಳಿದಾಗ ದೊರೆತ ಉತ್ತರ, ಎಂಜಿನ್ನಿಗೆ ಇನ್ನೂ ಗಾಳಿ ಸಾಲುತ್ತಿಲ್ಲ ಎಂಬುದು. ಮೊದಲ ಕೆಲಸದ ಕೊರತೆಯನ್ನು ಎರಡನೆಯ ಕೆಲಸಕ್ಕೆ ಕಾರಣವನ್ನಾಗಿ ಮಾಡುವ ಈ ಜಾಣ್ಮೆಯನ್ನು ಓದುಗರು ಗಮನಿಸಬೇಕು, ಏಕೆಂದರೆ ಮುಂದಿನದೆಲ್ಲ ಹೀಗೆಯೇ ಸಾಗಿತು.

ಎರಡನೆಯದಾಗಿ, ಸಿಲಿಂಡರುಗಳ ಹೊಗೆಯನ್ನು ಒಂದುಗೂಡಿಸಿ ಕೊಳವೆಗೆ ಬಿಡುವ ಮೂಲದ ಬೀಡುಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ತೆಗೆದು, ಅದೇ ಕೆಲಸಕ್ಕೆ ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಹೆಡರನ್ನು ಕೂರಿಸಿದರು. ಮೂಲ ಫಿಲ್ಟರ್ ಪೆಟ್ಟಿಗೆಯ ಬದಲು ಶಂಕುವಿನಾಕಾರದ ಬಯಲು ಫಿಲ್ಟರನ್ನು ಬಾನೆಟ್ಟಿನಡಿಯೇ ಹಾಕಿದರು. ಫಿಲ್ಟರಿನ ವಿಷಯ ಚಿಕ್ಕದು: ಮೂಲ ಪೆಟ್ಟಿಗೆ ಹೊರಗಿನ ತಂಪು ಗಾಳಿಯನ್ನು ಎಳೆಯುತ್ತಿತ್ತು, ಹೊಸದು ಎಂಜಿನ್ನಿನ ಸುತ್ತಲಿನ ಬಿಸಿ ಗಾಳಿಯನ್ನು ಎಳೆಯುತ್ತದೆ. ಗಾಳಿಯ ಉಷ್ಣತೆ ಪ್ರತಿ 3 ಡಿಗ್ರಿ ಸೆಲ್ಸಿಯಸ್ ಏರಿದಾಗ ಅದರ ಸಾಂದ್ರತೆ ಸುಮಾರು ಶೇಕಡಾ 1ರಷ್ಟು ಇಳಿಯುವುದರಿಂದ, 30 ಡಿಗ್ರಿಯಷ್ಟು ಬಿಸಿಯಾದ ಗಾಳಿ ಫಿಲ್ಟರಿನಿಂದ ಬಂದಿರಬಹುದಾದ ಲಾಭವನ್ನೆಲ್ಲ ನುಂಗಿಹಾಕುತ್ತದೆ.

ಹೆಡರಿನ ವಿಷಯ ಅಷ್ಟು ಚಿಕ್ಕದಲ್ಲ. ಬೆಸುಗೆಯ ಶಾಖಕ್ಕೆ ಅದರ ಫ್ಲ್ಯಾಂಜ್ (ಎಂಜಿನ್ನಿಗೆ ಬೋಲ್ಟಿನಿಂದ ಬಿಗಿಯುವ ಚಪ್ಪಟೆ ಪಟ್ಟಿ) ಸೊಟ್ಟಗಾಗಿತ್ತು, ಅದನ್ನು ಮಟ್ಟಸ ಮಾಡದೆಯೇ ಬೋಲ್ಟು ಬಿಗಿದಿದ್ದರು. ಹೀಗೆ ಎಂಜಿನ್ನಿಗೂ ಹೆಡರಿಗೂ ನಡುವೆ ಸೋರಿಕೆಯಿದ್ದರೆ, ಒತ್ತಡದ ಅಲೆಗಳ ನಡುವಿನ ಕ್ಷಣಗಳಲ್ಲಿ ಆ ಸಂದಿಯಿಂದ ಹೊರಗಿನ ಗಾಳಿ ಒಳನುಗ್ಗುತ್ತದೆ. ಆಕ್ಸಿಜನ್ ಸೆನ್ಸರ್ ಆ ಗಾಳಿಯನ್ನು ಕಂಡು, ಪೆಟ್ರೋಲ್ ಕಡಿಮೆಯಾಗಿದೆ ಎಂದು ಕಂಪ್ಯೂಟರಿಗೆ ಸುಳ್ಳು ವರದಿ ಕೊಡುತ್ತದೆ; ಕಂಪ್ಯೂಟರ್ ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ 14.7 ಭಾಗ ಗಾಳಿ ಎಂಬ ಅನುಪಾತವನ್ನು ಕಾಯಲು ಹೋಗಿ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ನಿತ್ಯದ ಓಡಾಟದಲ್ಲಿ ಮೈಲೇಜ್ ಕುಸಿದದ್ದು ಇದರಿಂದ. ಆದರೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಇಂಥ ಹಳೆಯ ಕಂಪ್ಯೂಟರ್ ಸೆನ್ಸರಿನ ಮಾತನ್ನು ಬದಿಗಿಟ್ಟು, ತನ್ನ ನೆನಪಿನಲ್ಲಿರುವ ಕಾರ್ಖಾನೆಯ ಕೋಷ್ಟಕದಂತೆ ಪೆಟ್ರೋಲ್ ಕೊಡುತ್ತದೆ. ಹೆಚ್ಚಿನ ಆರ್‌ಪಿಎಂನಲ್ಲಿ ಹೆಡರಿನಿಂದಾಗಿ ಎಂಜಿನ್ ಮೊದಲಿಗಿಂತ ಹೆಚ್ಚು ಗಾಳಿಯನ್ನು ತೆಗೆದುಕೊಳ್ಳುತ್ತಿದೆ ಎಂಬುದು ಆ ಕೋಷ್ಟಕಕ್ಕೆ ತಿಳಿಯದು. ಹೀಗೆ ಒಂದೇ ಕಾರು ನಿಧಾನವಾಗಿ ಹೋಗುವಾಗ ಪೆಟ್ರೋಲನ್ನು ಪೋಲು ಮಾಡುತ್ತ, ಜೋರಾಗಿ ಹೋಗುವಾಗ ಪೆಟ್ರೋಲ್ ಸಾಲದೆ, ಮೆಕ್ಯಾನಿಕ್‌ಗಳು ‘ಲೀನ್’ ಎನ್ನುವ ಸ್ಥಿತಿಯಲ್ಲಿ ಉರಿಯುತ್ತಿತ್ತು. ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿದಾಗ ಟಿಕ್ ಟಿಕ್ ಎಂಬ ಸಣ್ಣ ಸದ್ದು ಇಂಥ ಸೋರಿಕೆಯ ಗುರುತು. ಹೊಸ ಸೈಲೆನ್ಸರಿನ ಅಬ್ಬರದಲ್ಲಿ ಅದು ಕೇಳಿಸಲೇ ಇಲ್ಲ.

ಮೂರನೆಯ ಕೆಲಸ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಎಂಜಿನ್ನಿನ ಹೆಡ್ಡಿನದು. ಎಳೆತ ಇನ್ನೂ ಬಾರದಿದ್ದುದರಿಂದ ಹೆಡ್ಡಿನ ತಳವನ್ನು ಒಂದು ಮಿಲಿಮೀಟರಿನಷ್ಟು ಕೆತ್ತಿ ಕಂಪ್ರೆಶನ್, ಅಂದರೆ ಸಿಲಿಂಡರಿನ ಮಿಶ್ರಣವನ್ನು ಒತ್ತಿ ಕುಗ್ಗಿಸುವ ಪ್ರಮಾಣ, ಏರಿಸಿದರು. ನನ್ನ ಎಂಜಿನ್ನಿನಂತೆ ಪ್ರತಿ ಸಿಲಿಂಡರಿಗೆ ಸುಮಾರು 325 ಸಿಸಿ ಇರುವಲ್ಲಿ, 9ಕ್ಕೆ 1 ಇದ್ದ ಕಂಪ್ರೆಶನ್ ಅನುಪಾತ ಇಷ್ಟು ಕೆತ್ತಿದರೆ 9.75ಕ್ಕೆ 1ರ ಆಸುಪಾಸಿಗೆ ಏರಬಹುದು. ಕೆತ್ತುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಲೆಕ್ಕ ಹಾಕಿ, ನಾಕಿಂಗನ್ನು ಹೆಚ್ಚು ತಡೆದುಕೊಳ್ಳುವ ಹೆಚ್ಚಿನ ಆಕ್ಟೇನ್ ಪೆಟ್ರೋಲಿಗೆ ಬದಲಾಗಿ, ಟೈಮಿಂಗನ್ನು ಹಿಂದಕ್ಕೆ ಹೊಂದಿಸಿದರೆ ಅದಕ್ಕೆ ಅರ್ಥವಿದೆ. ಇಲ್ಲಿ ನಡೆದದ್ದು ತದ್ವಿರುದ್ಧ. ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಟೈಮಿಂಗನ್ನು ಮುಂದಕ್ಕೆ ತಂದರು, ಪೆಟ್ರೋಲ್ ಮೊದಲಿನದೇ ಸಾಕೆಂದರು. ಹೆಡ್ ಕೆಳಗಿಳಿದಾಗ, ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮನ್ನು ತಿರುಗಿಸುವ ಬೆಲ್ಟಿನ ಎಳೆದ ಬದಿ ತುಸು ಚಿಕ್ಕದಾಗಿ ವಾಲ್ವುಗಳ ಟೈಮಿಂಗ್ ಹಿಂದೆ ಬೀಳುತ್ತದೆ ಎಂಬುದನ್ನಾಗಲಿ, ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಅಂತರ ಕಿರಿದಾಗುತ್ತದೆ ಎಂಬುದನ್ನಾಗಲಿ ಯಾರೂ ಪರಿಶೀಲಿಸಲಿಲ್ಲ.

ಏರಿದ ಕಂಪ್ರೆಶನ್, ಮುಂದೆ ಬಂದ ಟೈಮಿಂಗ್, ಬಿಸಿ ಗಾಳಿ, ಕಡಿಮೆ ಪೆಟ್ರೋಲ್ ಇವು ನಾಲ್ಕೂ ಕೂಡಿದಲ್ಲಿ ನಾಕಿಂಗ್ ಬಾರದಿದ್ದರೆ ಅದೇ ಆಶ್ಚರ್ಯ. ಕಿಡಿಯಿಂದ ಹೊತ್ತಿಕೊಂಡ ಉರಿ ಸಿಲಿಂಡರಿನ ಅಂಚನ್ನು ತಲುಪುವ ಮೊದಲೇ, ಅಲ್ಲಿ ಉಳಿದ ಮಿಶ್ರಣ ಶಾಖ ಮತ್ತು ಒತ್ತಡ ತಾಳದೆ ಒಮ್ಮೆಲೇ ಸ್ಫೋಟಿಸುವುದೇ ನಾಕಿಂಗ್. ಮೂಲ ಸೈಲೆನ್ಸರ್ ಇದ್ದಿದ್ದರೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ, ತಗಡಿನ ಡಬ್ಬಿಯಲ್ಲಿ ಕಲ್ಲುಹರಳು ಅಲ್ಲಾಡಿಸಿದಂಥ ಅದರ ಸದ್ದು ಕೇಳುತ್ತಿತ್ತು. ಚಾಲಕ ಕಾಲು ತೆಗೆಯುತ್ತಿದ್ದ, ಎಂಜಿನ್ ಉಳಿಯುತ್ತಿತ್ತು. ಈ ಕಾರಿನಲ್ಲಿ ಆ ಸದ್ದಿನ ಸುಳಿವೂ ಒಳಗೆ ಕುಳಿತವರಿಗೆ ಸಿಗಲಿಲ್ಲ. ಕಾಣಿಸಿದ ಮೊದಲ ಲಕ್ಷಣ ಹೆದ್ದಾರಿಯಲ್ಲಿ ನೀಲಿ ಹೊಗೆ. ಅದು ಕಾಣುವ ಹೊತ್ತಿಗೆ ಕೇಡು ಮುಗಿದಿತ್ತು.

ಬೇರೊಬ್ಬ ಮೆಕ್ಯಾನಿಕ್ ಕಂಪ್ರೆಶನ್ ಅಳೆದಾಗ ಒಂದು ಸಿಲಿಂಡರಿನ ಒತ್ತಡ ಉಳಿದವುಗಳಿಗಿಂತ ಬಹಳ ಕೆಳಗಿತ್ತು. ಪ್ಲಗ್ಗಿನ ರಂಧ್ರದಿಂದ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿತು. ವಾಲ್ವಿನ ಕಡೆಗಿಂತ ಪಿಸ್ಟನ್ ರಿಂಗುಗಳ ಕಡೆಗೇ ದೋಷವಿದೆ ಎಂಬುದಕ್ಕೆ ಇದು ಸೂಚನೆ. ಆ ಸಿಲಿಂಡರಿನ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಅಲ್ಯೂಮಿನಿಯಮ್ಮಿನ ಸಣ್ಣ ಚುಕ್ಕೆಗಳು ಅಂಟಿದ್ದವು, ಅಂದರೆ ಪಿಸ್ಟನ್ನೇ ಕರಗಿ ಚಿಮ್ಮಿತ್ತು. ಎಂಜಿನ್ ಬಿಚ್ಚಿದಾಗ ಮೊದಲ ಮತ್ತು ಎರಡನೆಯ ರಿಂಗುಗಳ ನಡುವಿನ ಅಂಚು ಒಡೆದು, ಅದರ ಚೂರು ಸಿಲಿಂಡರಿನ ಗೋಡೆಯನ್ನು ಉದ್ದಕ್ಕೂ ಗೀರಿದ್ದು ಕಂಡಿತು.

ಮಾರ್ಪಡಿಸಿದ ಗ್ಯಾರೇಜಿನವರ ಉತ್ತರ ಒಂದೇ: ಎಂಜಿನ್ ಹಳೆಯದು, ಮೊದಲೇ ಸವೆದಿತ್ತು. ಅದನ್ನು ಅಲ್ಲಗಳೆಯಲು ಯಾವ ದಾಖಲೆಯೂ ಇರಲಿಲ್ಲ, ಏಕೆಂದರೆ ಕೆಲಸಕ್ಕೆ ಮುಂಚೆ ಅವರು ಕಂಪ್ರೆಶನ್ ಅಳೆದಿರಲೇ ಇಲ್ಲ. ಅವರ ಬಳಿ ಇದ್ದದ್ದು ಕೆಲಸದ ನಂತರ, ಕಾರಿನ ಶಕ್ತಿಯನ್ನು ಅಳೆಯುವ ಡೈನೋ ಯಂತ್ರದ ಮೇಲೆ ತೆಗೆದ ಒಂದು ಗ್ರಾಫ್ ಮಾತ್ರ. ಅದರಲ್ಲಿ ದೊಡ್ಡದಾಗಿ ಮುದ್ರಿಸಿದ ಅಶ್ವಶಕ್ತಿಯ ಅಂಕಿ, ನಿತ್ಯ ಓಡಾಡುವವರು ಮುಟ್ಟದಷ್ಟು ಮೇಲಿನ ಆರ್‌ಪಿಎಂನದು. ಅದೇ ಯಂತ್ರದ ಮೇಲೆ, ಅದೇ ಕಾರಿನಲ್ಲಿ, ಕೆಲಸಕ್ಕೆ ಮುಂಚೆ ತೆಗೆದ ಇನ್ನೊಂದು ಗ್ರಾಫ್ ಜೊತೆಗಿಲ್ಲದಿದ್ದರೆ ಇಂಥ ಕಾಗದ ಏನನ್ನೂ ಸಾಧಿಸುವುದಿಲ್ಲ. ಚಕ್ರದಲ್ಲಿ ಅಳೆದ ಶಕ್ತಿಗೆ ಗೇರ್‌ಬಾಕ್ಸಿನ ನಷ್ಟವೆಂದು ಅಂದಾಜಿನ ಮೇಲೆ ಒಂದಷ್ಟು ಸೇರಿಸಿ, ಅದನ್ನು ಕಾರ್ಖಾನೆ ಹೇಳುವ ಅಂಕಿಯೊಡನೆ ಹೋಲಿಸಿ ತೋರಿಸುವುದು ಈ ವ್ಯಾಪಾರದಲ್ಲಿ ಹೊಸದೇನಲ್ಲ.

ಹಣ ಮತ್ತು ಎಂಜಿನ್ ಹೋದದ್ದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ಹೊಸ ಕೊಳವೆಯ ಬಾಯಿಯನ್ನು ಅವರು ಕಾರಿನ ಹಿಂಬದಿಯವರೆಗೆ ತರದೆ, ಹಿಂದಿನ ಸೀಟಿನಡಿಯಲ್ಲೇ ಒಂದು ಬದಿಗೆ ತಿರುಗಿಸಿ ನಿಲ್ಲಿಸಿದ್ದರು. ಹಳೆಯ ಕಾರುಗಳ ನೆಲದಲ್ಲಿ ಕಾರ್ಪೆಟ್ಟಿನಡಿ ತುಕ್ಕು ತಿಂದ ತೂತುಗಳಿರುತ್ತವೆ, ಡಿಕ್ಕಿಯ ಬಾಗಿಲಿನ ರಬ್ಬರ್ ಗಟ್ಟಿಯಾಗಿ ಸಂದಿ ಬಿಟ್ಟಿರುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತವರು ಸ್ವಲ್ಪ ದೂರದ ಪ್ರಯಾಣದಲ್ಲಿಯೇ ತಲೆನೋವು, ವಾಕರಿಕೆ ಎನ್ನತೊಡಗಿದಾಗ ಅದನ್ನು ಎಲ್ಲರೂ ಸದ್ದಿನ ಮೇಲೆ ಹಾಕಿದರು. ಸದ್ದು ಇಲ್ಲಿಯೂ ನಿಜವಾದ ಕಾರಣವನ್ನು ಮರೆಮಾಡಿತು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಆ ಅನಿಲವನ್ನು ಇಂಗಾಲದ ಡೈಆಕ್ಸೈಡಾಗಿ ಬದಲಿಸಬೇಕಾಗಿದ್ದ ಕನ್ವರ್ಟರನ್ನು ಕಳಚಿಹಾಕಿ, ಕಂಪ್ಯೂಟರ್ ತಪ್ಪು ಲೆಕ್ಕದಿಂದ ಹೆಚ್ಚು ಪೆಟ್ರೋಲ್ ಸುರಿಯುವಂತೆ ಮಾಡಿ, ಕೊಳವೆಯ ಬಾಯಿಯನ್ನು ಪ್ರಯಾಣಿಕರ ಕೆಳಗೇ ಬಿಟ್ಟವರ ಕೆಲಸವನ್ನು ಬರೀ ಅಜಾಗರೂಕತೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಸೈಲೆನ್ಸರ್ ಬದಲಿಸಿದ ಕಾರಿನಲ್ಲಿ ಯಾರಿಗಾದರೂ ತಲೆನೋವು, ಮಂಪರು ಬಂದರೆ ಕೂಡಲೇ ನಿಲ್ಲಿಸಿ, ಎಲ್ಲರೂ ಕೆಳಗಿಳಿಯಿರಿ, ಕೊಳವೆಯನ್ನು ಪರೀಕ್ಷಿಸದೆ ಆ ಕಾರನ್ನು ಮತ್ತೆ ಓಡಿಸಬೇಡಿ.

ಮಾರ್ಪಾಟನ್ನು ಮಾಡಿಸಲೇಬೇಕೆನ್ನುವವರು ಕಾರನ್ನು ಗ್ಯಾರೇಜಿನಲ್ಲಿ ಬಿಡುವ ಮೊದಲು, ನಾಲ್ಕೂ ಸಿಲಿಂಡರುಗಳ ಕಂಪ್ರೆಶನ್ ಅಳತೆಯನ್ನು ಬೇರೆ ಕಡೆ ಮಾಡಿಸಿ, ಬರೆಸಿ, ಸಹಿ ಹಾಕಿಸಿಕೊಳ್ಳಬೇಕು. ಸಿಲಿಂಡರುಗಳ ನಡುವೆ ಶೇಕಡಾ 10ರಿಂದ 15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಆ ಎಂಜಿನ್ನಿಗೆ ಬೇಕಾಗಿರುವುದು ರಿಪೇರಿ, ಮಾರ್ಪಾಟಲ್ಲ. ಟ್ಯೂನಿಂಗ್ ಮಾಡುವವರ ಬಳಿ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇದೆಯೇ ಎಂದು ಕೇಳಿ. ಕಾರಿನಲ್ಲಿರುವ ಹಳೆಯ ಸೆನ್ಸರ್ 14.7ರ ಆಸುಪಾಸಿನಲ್ಲಿ ಮಾತ್ರ ನಂಬಲರ್ಹ, ಪೂರ್ತಿ ಆಕ್ಸಿಲರೇಟರಿನಲ್ಲಿ ಬೇಕಾಗುವ 12.5ರಿಂದ 13ರ ಅನುಪಾತವನ್ನು ಅದು ಅಳೆಯಲಾರದು. ಈ ಪ್ರಶ್ನೆಗೆ, ಸದ್ದು ಕೇಳಿಯೇ ಟ್ಯೂನ್ ಮಾಡುತ್ತೇವೆ ಎಂಬ ಉತ್ತರ ಬಂದರೆ ಅಲ್ಲಿಂದಲೇ ಕಾರನ್ನು ತಿರುಗಿಸಿಕೊಂಡು ಬನ್ನಿ. ಕೆಲಸ ಒಂದೊಂದಾಗಿ ನಡೆಯಲಿ, ಪ್ರತಿಯೊಂದರ ನಂತರವೂ ಅಳತೆಯಾಗಲಿ, ಸೈಲೆನ್ಸರ್ ಎಲ್ಲಕ್ಕಿಂತ ಕೊನೆಯಲ್ಲಿ ಬರಲಿ. ವಿಮೆಯವರಿಗೆ ಬದಲಾವಣೆಯನ್ನು ಮೊದಲೇ ಲಿಖಿತವಾಗಿ ತಿಳಿಸಿ. ತಿಳಿಸದ ಬದಲಾವಣೆಯನ್ನೇ ನೆಪ ಮಾಡಿ ಪರಿಹಾರ ನಿರಾಕರಿಸುವ ಅವಕಾಶ ಅವರಿಗಿರುತ್ತದೆ.

ಕಳಚಿದ ಪ್ರತಿಯೊಂದು ಮೂಲ ಭಾಗವನ್ನೂ ಮರಳಿ ಕೊಡಬೇಕೆಂದು ಕೆಲಸದ ಚೀಟಿಯಲ್ಲಿಯೇ ಬರೆಸಿ. ಕನ್ವರ್ಟರಿನೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳಿರುತ್ತವೆ, ಹಳೆಯದಕ್ಕೂ ಗುಜರಿಯಲ್ಲಿ ಒಳ್ಳೆಯ ಬೆಲೆಯಿದೆ. ನನ್ನದನ್ನು ಎಸೆದುಬಿಟ್ಟೆವು ಎಂದರು. ಮೂಲ ಮ್ಯಾನಿಫೋಲ್ಡ್ ತಯಾರಿಕೆಯೇ ನಿಂತುಹೋಗಿದ್ದರಿಂದ, ಕಳಚಿಟ್ಟ ಇನ್ನೊಂದು ಕಾರಿನಿಂದ ಅದನ್ನು ಹುಡುಕಿ ತರಬೇಕಾಯಿತು. ಕೆತ್ತಿದ ಹೆಡ್ ಮತ್ತೆ ಬೆಳೆಯುವುದಿಲ್ಲವಾದ್ದರಿಂದ ದಪ್ಪನೆಯ ಗ್ಯಾಸ್ಕೆಟ್ ಹಾಕಿ ಕಂಪ್ರೆಶನ್ ಇಳಿಸಲಾಗಿದೆ. ಸಿಲಿಂಡರುಗಳನ್ನು ಕೊರೆದು ಹೊಸ ಪಿಸ್ಟನ್ ಕೂರಿಸಿದ್ದರೂ, ಹೊಂದುವ ಕನ್ವರ್ಟರ್ ಇನ್ನೂ ದೊರೆಯದೆ ಕಾರು ಹೊಗೆ ತಪಾಸಣೆಯಲ್ಲಿ ಉತ್ತೀರ್ಣವಾಗುತ್ತಿಲ್ಲ.