ಲಾಂಗ್ ಬೀಚ್‌ನ ಕ್ವೀನ್ ಮೇರಿ: ದೆವ್ವದ ಟೂರ್‌ಗಿಂತ ಮೊದಲು ಯುದ್ಧದ ಕಥೆ ಕೇಳಿ

ಲಾಸ್ ಏಂಜಲೀಸ್‌ಗೆ ಬರುವ ನಮ್ಮವರ ಪಟ್ಟಿಯಲ್ಲಿ ಡಿಸ್ನಿಲ್ಯಾಂಡ್, ಯೂನಿವರ್ಸಲ್, ಹಾಲಿವುಡ್ ಬೋರ್ಡು ಇದ್ದೇ ಇರುತ್ತವೆ. ಅದಕ್ಕೆ ಇನ್ನೊಂದು ಸೇರಿಸಿ. ಲಾಂಗ್ ಬೀಚ್ ಬಂದರಿನಲ್ಲಿ ಶಾಶ್ವತವಾಗಿ ನಿಂತಿರುವ ಕ್ವೀನ್ ಮೇರಿ ಹಡಗು. ಈಗ ಅದು ಹೋಟೆಲೂ ಹೌದು, ಮ್ಯೂಸಿಯಮ್ಮೂ ಹೌದು. ಟಿಕೆಟ್ ತಗೊಂಡು ಸುಮ್ನೆ ಸುತ್ತಬಹುದು, ರೂಮ್ ಮಾಡಿ ರಾತ್ರಿ ಉಳಿಯಲೂಬಹುದು. ಊರಿಂದ ಅಪ್ಪ ಅಮ್ಮ ಬಂದಿದ್ದಾಗ ನಾವು ಎರಡನ್ನೂ ಮಾಡಿದೆವು.

ನನ್ನ ಸಲಹೆ ಒಂದೇ. ಗೈಡ್ ಜೊತೆ ಹೋಗುವ ಇತಿಹಾಸದ ಟೂರ್ ತಗೊಳ್ಳಿ, ಎರಡನೇ ಮಹಾಯುದ್ಧದ ಬಗ್ಗೆ ಕೇಳಿ ಕೇಳಿ ತಿಳ್ಕೊಳ್ಳಿ. ಈ ಹಡಗು ದೆವ್ವದ ಕಥೆಗಳಿಗೆ ಹೆಸರುವಾಸಿ, ಬರುವವರಲ್ಲಿ ತುಂಬಾ ಜನ ಅದಕ್ಕೇ ಬರುತ್ತಾರೆ. ಆದರೆ 1940ರಿಂದ ಸುಮಾರು ಆರು ವರ್ಷ ಇದು ಮಾಡಿದ ಕೆಲಸದ ಮುಂದೆ ಆ ಕಥೆಗಳು ಏನೂ ಅಲ್ಲ.

ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ಜಾನ್ ಬ್ರೌನ್ ಕಂಪನಿ ಕಟ್ಟಿದ ಹಡಗು ಇದು. 1936ರ ಮೇ 27ಕ್ಕೆ ಮೊದಲ ಪ್ರಯಾಣ. ಉದ್ದ 1,019 ಅಡಿ, ಅಂದರೆ ಟೈಟಾನಿಕ್‌ಗಿಂತ ನೂರಕ್ಕೂ ಹೆಚ್ಚು ಅಡಿ ಜಾಸ್ತಿ. ಸುಮಾರು 2,000 ಪ್ರಯಾಣಿಕರಿಗೆ ಮಾಡಿದ್ದು. ಶ್ರೀಮಂತರು, ಸಿನಿಮಾ ತಾರೆಯರು ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಹೋಗುತ್ತಿದ್ದರು. ಆ ವೈಭವ ಈಗಲೂ ಕಾಣುತ್ತೆ. ಅಬ್ಸರ್ವೇಷನ್ ಬಾರ್‌ನ ಕಿಟಕಿಗಳು, ಮರದ ಕೆಲಸ, ಊಟದ ಹಾಲ್‌ನ ಗೋಡೆ ಮೇಲಿರುವ ಅಟ್ಲಾಂಟಿಕ್ ಸಾಗರದ ದೊಡ್ಡ ನಕ್ಷೆ. ಆ ನಕ್ಷೆ ಮೇಲೆ ಒಂದು ಪುಟ್ಟ ಹಡಗಿನ ಮಾದರಿ ಇದೆ. ಹಡಗು ಈಗ ಸಾಗರದಲ್ಲಿ ಎಲ್ಲಿದೆ ಅಂತ ಪ್ರಯಾಣಿಕರು ಅದನ್ನು ನೋಡಿ ತಿಳಿದುಕೊಳ್ಳುತ್ತಿದ್ದರು.

ಇಷ್ಟು ನೋಡಿದ ಮೇಲೆ ಅದೇ ಜಾಗದಲ್ಲಿ ಹದಿನೈದು ಸಾವಿರ ಸೈನಿಕರನ್ನು ಕಲ್ಪಿಸಿಕೊಳ್ಳಿ. ಯುದ್ಧ ಶುರುವಾದಾಗ ಹಡಗು ಅಟ್ಲಾಂಟಿಕ್ ಮಧ್ಯದಲ್ಲಿತ್ತು. ನ್ಯೂಯಾರ್ಕ್ ಸೇರಿ ಕೆಲವು ತಿಂಗಳು ಅಲ್ಲೇ ನಿಂತಿತು. 1940ರ ಮಾರ್ಚ್‌ನಲ್ಲಿ ಸಿಡ್ನಿಗೆ ಕಳಿಸಿದರು. ಮೈಲುಗಟ್ಟಲೆ ಕಾರ್ಪೆಟ್, ಪಿಂಗಾಣಿ, ಬೆಳ್ಳಿ ಸಾಮಾನು, ಪೀಠೋಪಕರಣ ಎಲ್ಲಾ ಇಳಿಸಿ ಗೋದಾಮಿಗೆ ಹಾಕಿದರು. ಕಪ್ಪು, ಬಿಳಿ, ಕೆಂಪು ಬಣ್ಣದ ಹಡಗಿಗೆ ಪೂರ್ತಿ ಬೂದು ಬಣ್ಣ ಬಳಿದರು. 'ಗ್ರೇ ಗೋಸ್ಟ್' ಅನ್ನೋ ಅಡ್ಡಹೆಸರು ಬಂದಿದ್ದು ಆಮೇಲೆ. ಒಂದರ ಮೇಲೊಂದು ಕಟ್ಟಿದ ಮಡಚುವ ಬಂಕ್‌ಗಳು ಎಲ್ಲೆಲ್ಲೂ ಬಂದವು, ಈಜುಕೊಳದಲ್ಲೂ. ಜನ ಜಾಸ್ತಿ, ಬಂಕ್ ಕಡಿಮೆ, ಹಾಗಾಗಿ ಪಾಳಿ ಮೇಲೆ ಮಲಗೋದು. ಊಟ ದಿನಕ್ಕೆ ಎರಡೇ ಸಲ. ಹಡಗನ್ನು ಮೂರು ಭಾಗ ಮಾಡಿ ಬಣ್ಣ ಬಣ್ಣದ ಬ್ಯಾಡ್ಜ್ ಕೊಟ್ಟಿದ್ದರು, ತನ್ನ ಭಾಗ ಬಿಟ್ಟು ಬೇರೆ ಕಡೆ ಹೋಗೋ ಹಾಗಿರಲಿಲ್ಲ. ಜನ ಒಂದೇ ಕಡೆ ಸೇರಿದರೆ ಹಡಗು ವಾಲುವ ಭಯ ಇತ್ತಲ್ವಾ.

ಮೊದಮೊದಲು ಸಾಗಿಸಿದ್ದು ಆಸ್ಟ್ರೇಲಿಯಾದ ಸೈನಿಕರನ್ನು. 1940ರ ಕೊನೆಯಲ್ಲಿ ಈ ಹಡಗು ನಮ್ಮ ಬಾಂಬೆಗೂ ಬಂದಿತ್ತು! ಇಷ್ಟು ದೊಡ್ಡ ಹಡಗನ್ನು ಕೆಂಪು ಸಮುದ್ರದ ಅಪಾಯಕ್ಕೆ ಒಡ್ಡೋದು ಬೇಡ ಅಂತ ಸೈನಿಕರನ್ನು ಬಾಂಬೆಯಲ್ಲಿ ಇಳಿಸಿ, ಅಲ್ಲಿಂದ ಚಿಕ್ಕ ಹಡಗುಗಳಲ್ಲಿ ಸೂಯೆಜ್ ಕಡೆಗೆ ಕಳಿಸಿದರು. 1941ರ ಫೆಬ್ರವರಿಯಲ್ಲಿ ಸುಮಾರು ಆರು ಸಾವಿರ ಆಸ್ಟ್ರೇಲಿಯನ್ನರನ್ನು ಸಿಂಗಾಪುರದಲ್ಲಿ ಇಳಿಸಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಸಿಂಗಾಪುರ ಜಪಾನ್ ಕೈಗೆ ಬಿತ್ತು. ಇದರಿಂದ ಇಳಿದವರಲ್ಲಿ ಎಷ್ಟೋ ಜನ ಯುದ್ಧಕೈದಿಗಳಾಗಿ ಬರ್ಮಾ ರೈಲು ಹಳಿ ಹಾಕುವ ಕೆಲಸಕ್ಕೆ ಬಿದ್ದರು. ಡೆಕ್ ಮೇಲೆ ಕೈಕಂಬಿ ಹಿಡಿದು ನಿಂತಾಗ ನನಗೆ ಅವರದೇ ಯೋಚನೆ. ಸೈನಿಕರು ಆ ಕಾಲದ ಕೈಕಂಬಿಗಳ ಮೇಲೆ ತಮ್ಮ ಹೆಸರು ಕೆತ್ತುತ್ತಿದ್ದರಂತೆ.

ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ನ್ಯೂಯಾರ್ಕ್‌ನಿಂದ ಸ್ಕಾಟ್ಲೆಂಡಿನ ಗುರಾಕ್‌ಗೆ ಓಡಾಟ ಶುರು. ಗಂಟೆಗೆ 50 ಕಿಲೋಮೀಟರಿಗೂ ಹೆಚ್ಚು ವೇಗ. ಜರ್ಮನ್ ಸಬ್‌ಮರೀನ್‌ಗಳು ನೀರಿನ ಮೇಲೆ ಬಂದರೂ ಸುಮಾರು 30 ಅಷ್ಟೇ. ಹಾಗಾಗಿ ಬೇರೆ ಹಡಗುಗಳ ಗುಂಪಿಲ್ಲದೆ, ಸಾಗರದ ನಡುವೆ ಒಂಟಿಯಾಗಿ, ಅಂಕುಡೊಂಕಾಗಿ ಓಡುತ್ತಿತ್ತು. 1943ರ ಜುಲೈನಲ್ಲಿ ಒಂದೇ ಪ್ರಯಾಣದಲ್ಲಿ 16,683 ಜನ ಇದ್ದರು. ಒಂದು ಹಡಗಿನಲ್ಲಿ ಅಷ್ಟು ಜನ ಸಾಗರ ದಾಟಿದ್ದು ದಾಖಲೆ. ಚರ್ಚಿಲ್ ಕೂಡ ಯುದ್ಧದ ನಡುವೆ ಇದರಲ್ಲೇ ಹೋದರು, 'ಕರ್ನಲ್ ವಾರ್ಡನ್' ಅನ್ನೋ ಸುಳ್ಳು ಹೆಸರಲ್ಲಿ.

ಆದರೆ ಇದರ ಜೊತೆ ಇನ್ನೊಂದು ವಿಷಯ ಇದೆ, ಅದನ್ನು ತಿಳಿಯದೆ ಈ ಹಡಗಿನಿಂದ ಇಳಿಯಬೇಡಿ. 1942ರ ಅಕ್ಟೋಬರ್ 2. ಸುಮಾರು ಹತ್ತು ಸಾವಿರ ಅಮೆರಿಕನ್ ಸೈನಿಕರನ್ನು ಹೊತ್ತ ಕ್ವೀನ್ ಮೇರಿ ಐರ್ಲೆಂಡಿನ ಉತ್ತರದ ಕಡೆ ಬಂದಿತ್ತು. ಕಾವಲಿಗೆ ಕ್ಯುರಸೋವಾ ಅನ್ನೋ ಬ್ರಿಟಿಷ್ ಕ್ರೂಸರ್, ಅಂದರೆ ಯುದ್ಧನೌಕೆ, ಬಂತು. ಹಳೇ ಹಡಗು, ಕ್ವೀನ್ ಮೇರಿಯಷ್ಟು ವೇಗ ಅದಕ್ಕಿಲ್ಲ. ಇದು ಅಂಕುಡೊಂಕಾಗಿ ಓಡುತ್ತಿದೆ, ಅದು ನೇರ ಹೋಗುತ್ತಿದೆ, ದಾರಿ ಬಿಡೋದು ನೀನು ಅಂತ ಎರಡೂ ಕಡೆಯವರು ಅಂದುಕೊಂಡಿದ್ದರು. ಎಂಬತ್ತು ಸಾವಿರ ಟನ್ನಿನ ಹಡಗು ಆ ಕ್ರೂಸರನ್ನು ನಡುವೆ ಸೀಳಿ ಎರಡು ತುಂಡು ಮಾಡಿತು. ಕೆಲವೇ ನಿಮಿಷದಲ್ಲಿ ಅದು ಮುಳುಗಿತು. 330ಕ್ಕೂ ಹೆಚ್ಚು ನಾವಿಕರು ಸತ್ತರು, ಉಳಿದವರು ನೂರರಷ್ಟು.

ಕ್ವೀನ್ ಮೇರಿ ನಿಲ್ಲಲಿಲ್ಲ. ಏನೇ ಆದರೂ ನಿಲ್ಲಬಾರದು ಅಂತ ಆದೇಶ ಇತ್ತು. ನಿಂತರೆ ಸಬ್‌ಮರೀನ್‌ಗೆ ಹತ್ತು ಸಾವಿರ ಜನ ಒಟ್ಟಿಗೆ ಸಿಗುತ್ತಿದ್ದರು. ಮೂತಿ ಜಜ್ಜಿಹೋದ ಹಡಗು ವೇಗ ತಗ್ಗಿಸಿ ಮುಂದೆ ಹೋಯಿತು. ನೀರಲ್ಲಿ ಬಿದ್ದವರನ್ನು ಎತ್ತೋಕೆ ಬೇರೆ ಹಡಗುಗಳು ಬರುವಷ್ಟರಲ್ಲಿ ತುಂಬಾ ಹೊತ್ತಾಗಿತ್ತು. ನೋಡಿದವರು ಯಾರೂ ಬಾಯಿ ಬಿಡುವಂತಿರಲಿಲ್ಲ. ಯುರೋಪಿನಲ್ಲಿ ಯುದ್ಧ ಮುಗಿಯುವ ತನಕ ಸುದ್ದಿ ಹೊರಗೆ ಬರಲಿಲ್ಲ. ಆಮೇಲೆ ಕೋರ್ಟು ಮೆಟ್ಟಿಲು ಹತ್ತಿ, ಕೊನೆಗೆ ಮೂರರಲ್ಲಿ ಎರಡು ಪಾಲು ತಪ್ಪು ಕ್ರೂಸರಿನದು, ಒಂದು ಪಾಲು ಕ್ವೀನ್ ಮೇರಿಯದು ಅಂತ ತೀರ್ಪಾಯಿತು.

ಆ ನಾವಿಕರು ಹಡಗಿನ ಮುಂಭಾಗವನ್ನು ಬಡಿಯುವ ಸದ್ದು ಈಗಲೂ ಕೇಳುತ್ತೆ ಅಂತ ಜನ ಹೇಳುತ್ತಾರೆ. ನನಗೆ ಈ ಮಾತು ಹಿಡಿಸೋದಿಲ್ಲ. ಅವರು ಹೇಗೆ ಸತ್ತರು, ಯಾಕೆ ಯಾರೂ ನಿಲ್ಲಲಿಲ್ಲ ಅನ್ನೋದನ್ನು ನೇರವಾಗಿ ಹೇಳಿದರೆ ಸಾಕು, ಅದನ್ನು ಹೆದರಿಸುವ ಕಥೆ ಮಾಡಬೇಕಾಗಿಲ್ಲ. ಮಕ್ಕಳಿಗೂ ಹಾಗೇ ಹೇಳಿ, ಅರ್ಥ ಮಾಡಿಕೊಳ್ಳುತ್ತಾರೆ.

ಒಟ್ಟು 7.5 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಇದು ಸಾಗಿಸಿತು. 1946ರಲ್ಲಿ ಅಮೆರಿಕ, ಕೆನಡಾ ಸೈನಿಕರನ್ನು ಮದುವೆಯಾದ ಹುಡುಗಿಯರನ್ನೂ ಅವರ ಕೂಸುಗಳನ್ನೂ ದಾಟಿಸಿತು. 1947ರಲ್ಲಿ ಮತ್ತೆ ಪ್ರಯಾಣಿಕರ ಹಡಗಾಯಿತು. ವಿಮಾನ ಬಂದ ಮೇಲೆ ವ್ಯಾಪಾರ ಬಿದ್ದು, 1967ರ ಡಿಸೆಂಬರ್‌ನಲ್ಲಿ ಲಾಂಗ್ ಬೀಚ್‌ಗೆ ಬಂದು ನಿಂತಿತು.

ಇನ್ನು ಹೋಗುವವರಿಗೆ. ಎಂಜಿನ್ ರೂಮ್ ಬಿಡಬೇಡಿ, ಹಡಗಿನ ಗಾತ್ರ ಅಲ್ಲಿ ಗೊತ್ತಾಗುತ್ತೆ. ಬಾಯ್ಲರ್‌ಗಳನ್ನು ತೆಗೆದಿದ್ದಾರೆ, ಆದರೆ ಹಿಂದಿನ ಎಂಜಿನ್‌ಗಳು ಇವೆ, ನೀರಲ್ಲಿರುವ ಪ್ರೊಪೆಲರ್ ಕೂಡ ಮೇಲಿಂದ ಕಾಣುತ್ತೆ. ಮೆಟ್ಟಿಲು ಜಾಸ್ತಿ, ಮಂಡಿನೋವು ಇರುವ ಹಿರಿಯರನ್ನು ಮೇಲಿನ ಡೆಕ್‌ನಲ್ಲೇ ಕೂರಿಸಿ, ಸಮುದ್ರದ ಗಾಳಿಗೆ ಅವರಿಗೂ ಖುಷಿ. ನಮ್ಮಪ್ಪ ಅಲ್ಲಿಂದ ಎದ್ದು ಬರೋಕೇ ಒಪ್ಪಲಿಲ್ಲ. ರೂಮ್ ಹಳೇ ಕ್ಯಾಬಿನ್, ಮರದ ಗೋಡೆ, ದುಂಡನೆಯ ಕಿಟಕಿ. ಹೊಸ ಹೋಟೆಲಿನ ಸೌಕರ್ಯ ಬೇಕು ಅನ್ನೋರಿಗೆ ಇದು ಹೊಂದೋದಿಲ್ಲ, ಹಗಲು ನೋಡಿಕೊಂಡು ಬಂದರೆ ಸಾಕು. ಪ್ಯಾಕೇಜ್ ಟೂರ್‌ನಲ್ಲಿ ಮಾತ್ರ ಹೋಗಬೇಡಿ. ನಮ್ಮ ಪರಿಚಯದವರನ್ನು ಒಬ್ಬ ಏಜೆಂಟ್ ಒಂದೇ ಗಂಟೆಗೆ ಇಳಿಸಿ ಹತ್ತಿಸಿದ, ಅವರು ಫೋಟೋ ಬಿಟ್ಟು ಏನೂ ನೋಡಲಿಲ್ಲ. ಕನಿಷ್ಠ ಅರ್ಧ ದಿನ ಬೇಕು. ಸಸ್ಯಾಹಾರಿಗಳು ಊಟಕ್ಕೆ ಆರ್ಟೀಷಿಯಾದ ಪಯನಿಯರ್ ಬೂಲೆವಾರ್ಡ್‌ಗೆ ಹೋಗಿ. ಕಾರಲ್ಲಿ ಹತ್ತಿರವೇ, ಅಲ್ಲಿ ದೋಸೆ, ಚಾಟ್ ಎಲ್ಲಾ ಸಿಗುತ್ತೆ.