ಬಿಸಿನೀರ ಕುಂಡಕ್ಕೆ ಇಳಿಯುವ ಮುನ್ನ: ಮೈಗೆ ಹಿತವಾದ ಬಿಸಿಯೇ ರೋಗಾಣುವಿಗೂ ಹಿತ

ಚಳಿ ಬಿತ್ತೆಂದರೆ ಬೀದರ, ಕಲಬುರಗಿ ಕಡೆಯಿಂದ ಗಾಡಿ ಮಾಡಿಕೊಂಡು ನಾಂದೇಡ ಜಿಲ್ಲೆಯ ಉನಕೇಶ್ವರಕ್ಕೋ ಠಾಣೆ ಕಡೆಯ ವಜ್ರೇಶ್ವರಿಗೋ ಬಿಸಿನೀರ ಜಳಕಕ್ಕೆ ಹೋಗುವವರಿದ್ದಾರೆ. ಗಂಧಕದ ನೀರು ಚರ್ಮಕ್ಕೆ ಒಳ್ಳೆಯದು, ಇಷ್ಟು ಬಿಸಿಯಲ್ಲಿ ಯಾವ ಹುಳ ಉಳಿದೀತು ಎನ್ನುತ್ತಾರೆ. ಈ ಎರಡನೆಯ ಮಾತು ಜೀವಕ್ಕೇ ಎರವಾಗಬಹುದು.

ಜಪಾನಿನ ಮಿಯಾಝಾಕಿ ಪ್ರಾಂತ್ಯದ ಹ್ಯೂಗಾದಲ್ಲಿ 2002ರ ಜುಲೈನಲ್ಲಿ ಆಗಷ್ಟೇ ತೆರೆದಿದ್ದ ಬಿಸಿನೀರ ಸ್ನಾನಗೃಹವೊಂದಕ್ಕೆ ಹೋಗಿಬಂದವರಲ್ಲಿ, ಶಂಕಿತರೂ ಸೇರಿ, 295 ಜನ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ ಸಿಕ್ಕರು. 7 ಜನ ಸತ್ತರು. ಕಟ್ಟಡ ಹೊಸದಿದ್ದರೂ ಕ್ಲೋರಿನ್ ಸಾಲದಾಗಿತ್ತು. 2023ರಲ್ಲಿ ಫುಕುವೊಕಾ ಪ್ರಾಂತ್ಯದ ಹಳೆಯ ವಸತಿಗೃಹವೊಂದು ಸಿಕ್ಕಿಬಿತ್ತು. ವಾರಕ್ಕೊಮ್ಮೆಯಾದರೂ ಬದಲಿಸಬೇಕಾದ ನೀರನ್ನು ವರ್ಷಕ್ಕೆ ಎರಡೇ ಸಲ ಬದಲಿಸುತ್ತಿದ್ದರು. ಲೀಜನೆಲ್ಲಾ ಮಿತಿಗಿಂತ 3,700 ಪಟ್ಟು ಇತ್ತು. ಬಿಸಿನೀರ ಜಳಕವನ್ನೇ ಸಂಸ್ಕೃತಿ ಮಾಡಿಕೊಂಡ ದೇಶದಲ್ಲೇ ಹೀಗಾಯಿತು.

ಲೀಜನೆಲ್ಲಾ ಹುಲುಸಾಗಿ ಬೆಳೆಯುವುದು 25ರಿಂದ 45 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ನಾವು ‘ಆಹಾ’ ಎನ್ನುವ ಬಿಸಿಯಲ್ಲೇ. ಬುಗ್ಗೆಯ ಬಾಯಲ್ಲಿ ನೀರು ಕುದಿಯುತ್ತಿದ್ದರೂ ಜಳಕದ ತೊಟ್ಟಿಗೆ ಬರುವಷ್ಟರಲ್ಲಿ ಈ ಮಟ್ಟಕ್ಕೆ ಆರಿರುತ್ತದೆ. ತೊಟ್ಟಿಯ ಗೋಡೆ, ಪೈಪು, ಫಿಲ್ಟರಿನ ಒಳಗೆ ಕೂರುವ ಲೋಳೆಯೇ ಅದರ ಮನೆ. ಮೇಲಿನ ನೀರು ಎಷ್ಟು ತಿಳಿಯಾಗಿ ಕಂಡರೂ ಕೈ ಆಡಿಸಿದಾಗ ಗೋಡೆ ಜಾರಿದರೆ ಇಳಿಯಬೇಡಿ.

ಇದು ಉಸಿರಿನಲ್ಲಿ ಬರುವ ರೋಗ. ಧಾರೆಯಾಗಿ ಬೀಳುವ ನೀರು, ರಿಸಾರ್ಟಿನ ಗುಳ್ಳೆಯೇಳುವ ಟಬ್, ಶವರ್, ಇವು ಎಬ್ಬಿಸುವ ಸಣ್ಣ ಹನಿಗಳು ನೇರ ಶ್ವಾಸಕೋಶಕ್ಕೆ ಇಳಿಯುತ್ತವೆ. ಐವತ್ತು ದಾಟಿದವರು, ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ, ದಮ್ಮು ಇರುವವರು ಧಾರೆಯಿಂದ ದೂರ ಇರಬೇಕು.

ನಮ್ಮೂರಲ್ಲೇ ಟಬ್ ಇಟ್ಟವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಶಹಾಬಾದ ಕಲ್ಲಿನ, ಅಂದರೆ ಸುಣ್ಣಕಲ್ಲಿನ ನೆಲ ನಮ್ಮದು. ಬೋರಿನ ನೀರಿನ ಸುಣ್ಣ ಪೈಪಿನೊಳಗೆ ಪದರಗಟ್ಟುತ್ತದೆ, ಅದರ ಸಂದಿಯಲ್ಲಿ ಲೋಳೆ ನಿಲ್ಲುತ್ತದೆ. ಬಿಸಿ ಟಬ್ಬಿಗೆ ಲೀಟರಿಗೆ ಕನಿಷ್ಠ 3 ಮಿಲಿಗ್ರಾಂ ಉಳಿಕೆ ಕ್ಲೋರಿನ್ (ಖರ್ಚಾಗದೆ ನೀರಲ್ಲಿ ಉಳಿದದ್ದು) ಬೇಕು, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7ರಿಂದ 7.8ರೊಳಗೆ ಇರಬೇಕು. ಪಿಎಚ್ 8 ಮುಟ್ಟಿತೆಂದರೆ ಕ್ಲೋರಿನ್ನಿನ ಹೆಚ್ಚುಕಡಿಮೆ ಕಾಲು ಭಾಗವಷ್ಟೇ ರೋಗಾಣು ಕೊಲ್ಲುವ ರೂಪದಲ್ಲಿರುತ್ತದೆ. ಲೆಕ್ಕದಲ್ಲಿ 10,000 ಲೀಟರಿಗೆ 30% ಶಕ್ತಿಯ ಬ್ಲೀಚಿಂಗ್ ಪೌಡರ್ 100 ಗ್ರಾಂ ಸಾಕು. ಆದರೆ ಬಿಸಿನೀರಲ್ಲಿ ಕ್ಲೋರಿನ್ ಬೇಗ ಹಾರುತ್ತದೆ, ಬೆವರು, ಎಣ್ಣೆ, ಗಂಧಕ ಅದನ್ನು ತಿಂದುಹಾಕುತ್ತವೆ. ನಮ್ಮ ಬೇಸಿಗೆಯಲ್ಲಿ ಬಾಯಿ ಬಿಚ್ಚಿಟ್ಟ ಚೀಲದ ಪೌಡರಿಗೂ ಶಕ್ತಿ ಉಳಿಯುವುದಿಲ್ಲ. ಹಾಗಾಗಿ ಬೆಳಗ್ಗೆ ಹಾಕಿದ್ದೇವೆ ಎಂಬ ಮಾತನ್ನು ನಂಬದೆ ಇಳಿಯುವ ಹೊತ್ತಿಗೆ ಕ್ಲೋರಿನ್ ಪರೀಕ್ಷಾ ಪಟ್ಟಿ ಅದ್ದಿ ಬಣ್ಣ ನೋಡಿ. ಬಹಳ ದಿನ ಮುಚ್ಚಿದ್ದ ಕೋಣೆಯ ಶವರನ್ನು ಕೆಲವು ನಿಮಿಷ ಹರಿಯಬಿಟ್ಟು ಹೊರಗೆ ನಿಲ್ಲಿ. ಬಕೆಟ್, ತಂಬಿಗೆಯ ಜಳಕದಲ್ಲಿ ಇಷ್ಟು ಹನಿ ಏಳುವುದಿಲ್ಲ.

ಸೂಡೊಮೊನಾಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಮೈಮೇಲೆ ತುರಿಸುವ ಕೆಂಪು ಗುಳ್ಳೆ ಎಬ್ಬಿಸುತ್ತದೆ, ಒದ್ದೆ ಬಟ್ಟೆ ಅಂಟಿದ ಕಡೆ ಹೆಚ್ಚು. ಬಹುತೇಕ ತಾನಾಗಿ ಮಾಯುತ್ತದೆ. ಜಳಕ ಮುಗಿದೊಡನೆ ಸೋಪು ಹಚ್ಚಿ ತೊಳೆದು ಒಣ ಬಟ್ಟೆ ಉಡಿ. ಗಾಯವಿದ್ದವರು ನೀರಿಗಿಳಿಯಬಾರದು.

ತಲೆ ಮುಳುಗಿಸಬೇಡಿ, ಮಕ್ಕಳಿಗೂ ಬಿಡಬೇಡಿ. ನಿಗ್ಲೇರಿಯಾ ಎಂಬ ಅಮೀಬಾ ಇಂಥದೇ ಬೆಚ್ಚನೆ ನೀರಲ್ಲಿ ಇರುತ್ತದೆ, ಮೂಗಿನಿಂದ ಮಿದುಳಿಗೆ ಹೋಗುತ್ತದೆ. ಬಲು ಅಪರೂಪ, ಆದರೆ ತಗುಲಿದರೆ ಬದುಕುವವರು ನೂರಕ್ಕೆ ಮೂರೂ ಇಲ್ಲ. ತಡೆಯದ ತಲೆನೋವು, ಜ್ವರ, ವಾಂತಿ, ಕತ್ತು ಬಿಗಿತ ಕಂಡರೆ ಅದೇ ಗಳಿಗೆ ದೊಡ್ಡ ದವಾಖಾನೆಗೆ ಒಯ್ಯಿರಿ.

ಲೀಜನೆಲ್ಲಾ ಜ್ವರ ಸಾಮಾನ್ಯವಾಗಿ 2ರಿಂದ 14 ದಿನದೊಳಗೆ ಬರುತ್ತದೆ: ಚಳಿ, ಒಣ ಕೆಮ್ಮು, ಮೈಕೈ ನೋವು, ಕೆಲವರಿಗೆ ಭೇದಿ, ಗೊಂದಲ. ಅಷ್ಟರಲ್ಲಿ ಪ್ರವಾಸ ಮರೆತಿರುತ್ತೇವೆ. ಅಮಾಕ್ಸಿಸಿಲಿನ್ ಗುಳಿಗೆ ತಂದು ನುಂಗುತ್ತಾರೆ, ಅದು ಇದಕ್ಕೆ ನಾಟುವುದಿಲ್ಲ, ಏಕೆಂದರೆ ಈ ರೋಗಾಣು ನಮ್ಮ ಜೀವಕೋಶದ ಒಳಗೇ ಅಡಗಿರುತ್ತದೆ. ಅಜಿತ್ರೊಮೈಸಿನ್, ಲೆವೊಫ್ಲಾಕ್ಸಸಿನ್ ನಾಟುತ್ತವೆ, ಅವನ್ನು ವೈದ್ಯರೇ ಬರೆದುಕೊಡಬೇಕು. ಅವರು ಕೇಳದಿದ್ದರೂ ‘ಇಂಥ ದಿನ ಬಿಸಿನೀರ ಕುಂಡದಲ್ಲಿ ಜಳಕ ಮಾಡಿದ್ದೆ’ ಎಂದು ತಾರೀಖಿನೊಂದಿಗೆ ಹೇಳಿ. ಮೂತ್ರದ ಪರೀಕ್ಷೆ ಇದರ ಒಂದು ಬಗೆಯನ್ನಷ್ಟೇ ಚೆನ್ನಾಗಿ ಹಿಡಿಯುತ್ತದೆ. ಅದರಲ್ಲಿ ಏನೂ ಇಲ್ಲವೆಂದು ಬಂದರೆ ಕಫದ ಪರೀಕ್ಷೆಯನ್ನೂ ಕೇಳಿ.