ಡಿಸ್ಕಸ್ ಟ್ಯಾಂಕಿಗೆ ಜೋಡಿ ಸ್ಪಾಂಜ್ ಫಿಲ್ಟರ್: ಮೂರು ವರ್ಷ ಬಳಸಿದ ಮೇಲೆ

ಮೊದಲ ಸಲ ಡಿಸ್ಕಸ್ ಮೀನು ಸಾಕಲು ಹೊರಟವರಿಗೆ ಅಂಗಡಿಯವರು ಮೊದಲು ತೋರಿಸುವುದು ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್. ಈ ವಿಮರ್ಶೆ ಅದರ ಪಕ್ಕದ ಮೊಳೆಗೆ ಪ್ಲಾಸ್ಟಿಕ್ ಕವರಿನಲ್ಲಿ ನೇತುಹಾಕಿರುವ, ಎರಡು ಕೊಂಡರೂ ಸಾವಿರ ರೂಪಾಯಿ ದಾಟದ ಸ್ಪಾಂಜ್ ಫಿಲ್ಟರಿನದು. ಮೂರು ವರ್ಷ ಹಗಲೂ ರಾತ್ರಿ ಓಡಿಸಿದ ಮೇಲೆ ಹೇಳುವುದಾದರೆ, ಮೊದಲ ಡಿಸ್ಕಸ್ ಟ್ಯಾಂಕಿಗೆ ಇದೇ ಸರಿ. ಉಳಿದ ಹಣ ಹೀಟರಿಗೆ ಮತ್ತು ನೀರು ಬದಲಿಸುವ ವ್ಯವಸ್ಥೆಗೆ ಹೋಗಬೇಕು. ಮೀನನ್ನು ಬದುಕಿಸುವುದು ಅವೆರಡೇ.

ಬಳಸಿದ ಟ್ಯಾಂಕ್ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, 10 ಎಂಎಂ ಗಾಜು. ಮೇಲೆ ಎರಡು ಇಂಚು ಬಿಟ್ಟು ತುಂಬಿದರೆ ಸುಮಾರು 210 ಲೀಟರ್ ಹಿಡಿಯುತ್ತದೆ. ಮೀನು ಆರು. ಬೆಳೆದ ಡಿಸ್ಕಸ್ ಒಂದಕ್ಕೆ 35ರಿಂದ 40 ಲೀಟರ್ ಲೆಕ್ಕ ಹಾಕುವುದರಿಂದ ಇದು ಕನಿಷ್ಠ ಅಳತೆ. ಹೊಸದಾಗಿ ಮಾಡಿಸುವವರು ಎತ್ತರವನ್ನು 2 ಅಡಿ ಮಾಡಿಸಿ, ಗಾಜನ್ನು 12 ಎಂಎಂಗೆ ಏರಿಸಿಕೊಳ್ಳುವುದು ಒಳ್ಳೆಯದು. ನೀರು ಬೆಂಗಳೂರಿನದು: ಬಂದ ದಿನ ಕಾವೇರಿ, ಬಾರದ ದಿನ ಬೋರ್‌ವೆಲ್. ಟ್ಯಾಂಕಿನ ತಳದಲ್ಲಿ ಮರಳು, ಕಲ್ಲು ಏನೂ ಇಲ್ಲ. ಬರಿಯ ಗಾಜು, ಅದರ ಕೆಳಗೆ ತಿಳಿ ಬಣ್ಣದ ಹಾಳೆ. ಕಪ್ಪು ತಳವಿದ್ದರೆ ಪಿಜನ್ ಬ್ಲಡ್ ತಳಿಗಳ ಮೈಮೇಲೆ ಮೆಣಸು ಚೆಲ್ಲಿದ ಹಾಗೆ ಕರಿಚುಕ್ಕೆ ಏಳುತ್ತದೆ.

ಫಿಲ್ಟರಿನ ಕೆಲಸ ಸರಳ. ಏರ್ ಪಂಪಿನ ಗಾಳಿ ನಡುವಿನ ಕೊಳವೆಯಲ್ಲಿ ಮೇಲೇರುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಆ ಜಾಗ ತುಂಬಲು ಸುತ್ತಲಿನ ನೀರು ಸ್ಪಾಂಜಿನ ಮೂಲಕ ಒಳಗೆ ಬರುತ್ತದೆ. ಸ್ಪಾಂಜಿನ ರಂಧ್ರಗಳಲ್ಲಿ ಕೂತ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೈಟ್, ಅದನ್ನು ನೈಟ್ರೇಟ್ ಮಾಡುತ್ತವೆ. ಕೊಳವೆ ಎತ್ತರವಿದ್ದಷ್ಟೂ ಎಳೆತ ಹೆಚ್ಚು, ಹಾಗಾಗಿ ಅದರ ಬಾಯಿ ನೀರಿನ ಮೇಲ್ಮೈಗೆ ಹತ್ತಿರವೇ ಇರಲಿ. ಒಳಗೆ ಸಣ್ಣ ಏರ್ ಸ್ಟೋನ್ ಕೂರಿಸಿದರೆ ಗುಳ್ಳೆ ಸಣ್ಣದಾಗಿ ನೀರು ಚೆನ್ನಾಗಿ ಏರುತ್ತದೆ, ಗುಳುಗುಳು ಸದ್ದೂ ಇಳಿಯುತ್ತದೆ. ಹೊಸ ಸ್ಪಾಂಜ್ ಗಾಳಿ ತುಂಬಿಕೊಂಡು ತೇಲುತ್ತದೆ. ಬಕೆಟ್ ನೀರಿನಲ್ಲಿ ಮುಳುಗಿಸಿ ಹಿಂಡಿ ಹಿಂಡಿ ಗಾಳಿ ಬಿಡಿಸಿ ಇಡಿ. ತೀರಾ ನುಣುಪು ಸ್ಪಾಂಜ್ ಬೇಡ, ಡಿಸ್ಕಸ್ ಆಹಾರದ ಪುಡಿಗೆ ವಾರದೊಳಗೆ ಕಟ್ಟಿಕೊಳ್ಳುತ್ತದೆ.

ಇಲ್ಲಿನ ಮನೆಗಳಿಗೆ ಇದರ ದೊಡ್ಡ ಲಾಭ ಗೊತ್ತಾಗುವುದು ಕರೆಂಟ್ ಹೋದಾಗ. ಮುಚ್ಚಿದ ಕ್ಯಾನಿಸ್ಟರ್ ಕೆಲವು ಗಂಟೆ ನಿಂತರೆ ಒಳಗಿನ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಕರೆಂಟ್ ಬಂದ ಕೂಡಲೇ ಆ ಕೊಳೆತ ನೀರು ಟ್ಯಾಂಕಿಗೇ ನುಗ್ಗುತ್ತದೆ. ಸ್ಪಾಂಜ್ ತೆರೆದ ನೀರಿನಲ್ಲಿಯೇ ಇರುವುದರಿಂದ ಆ ಗಂಡಾಂತರವಿಲ್ಲ. ಹತ್ತು ವಾಟ್ ಒಳಗಿನ ಏರ್ ಪಂಪ್ ಮನೆಯ ಇನ್ವರ್ಟರಿಗೆ ಲೆಕ್ಕವೇ ಅಲ್ಲ. ಆದರೆ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಅದು ನಿಂತಾಗ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಹರಿದು ಪಂಪಿಗೆ, ಅಲ್ಲಿಂದ ಪ್ಲಗ್ಗಿಗೆ ಇಳಿಯುತ್ತದೆ. ಪಂಪನ್ನು ಮೇಲಿಡಿ, ಇಲ್ಲವೇ ಟ್ಯೂಬಿಗೆ ಒಂದೇ ದಿಕ್ಕಿಗೆ ಹರಿಯಬಿಡುವ ಚೆಕ್ ವಾಲ್ವ್ ಹಾಕಿ. ವಾಲ್ವನ್ನು ಬಾಯಿಂದ ಊದಿ ನೋಡಿ ಹಾಕಬೇಕು, ಉಲ್ಟಾ ಹಾಕಿದರೆ ಗಾಳಿಯೇ ಬರುವುದಿಲ್ಲ.

ಹಾಳಾದದ್ದೇನು? ಸ್ಪಾಂಜ್ ಅಲ್ಲ. ಪಂಪಿನ ರಬ್ಬರ್ ಡಯಾಫ್ರಮ್ ಹದಿನಾಲ್ಕನೆಯ ತಿಂಗಳಿಗೆ ಹರಿಯಿತು. ಪಂಪ್ ಗುಂಯ್ ಎನ್ನುತ್ತಲೇ ಇರುತ್ತದೆ, ಗುಳ್ಳೆ ಮಾತ್ರ ಬರುವುದಿಲ್ಲ. ಬಿಡಿ ಡಯಾಫ್ರಮ್ ಸಿಗುವ ಪಂಪನ್ನೇ ಕೊಂಡು, ಒಂದು ಜೊತೆ ಮನೆಯಲ್ಲಿಟ್ಟುಕೊಳ್ಳಿ. ಎರಡು ಫಿಲ್ಟರಿಗೆ ಎರಡು ಪಂಪ್ ಇದ್ದರೆ ಇನ್ನೂ ನಿಶ್ಚಿಂತೆ. ಪಾರದರ್ಶಕ ಟ್ಯೂಬ್ ಎರಡನೆಯ ವರ್ಷಕ್ಕೆ ಗಟ್ಟಿಯಾಗಿ ತುದಿಯಲ್ಲಿ ಸೀಳಿತು. ಸಿಲಿಕೋನ್ ಟ್ಯೂಬ್ ಹಾಕಿದ ಮೇಲೆ ಆ ಕಾಟವಿಲ್ಲ. ಸ್ಪಾಂಜುಗಳು ಸ್ವಲ್ಪ ಮೆತ್ತಗಾಗಿವೆ, ಅಷ್ಟೆ.

ತೊಳೆಯುವಾಗ ಮಾಡುವ ತಪ್ಪು ಎಲ್ಲರದೂ ಒಂದೇ, ನಲ್ಲಿಯ ಕೆಳಗೆ ಹಿಡಿಯುವುದು. ನಲ್ಲಿಯ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ನಾಲ್ಕೈದು ಸಲ ಹಿಂಡಿದರೆ ಸಾಕು. ನೀರು ಗಟ್ಟಿ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಸ್ಪಾಂಜ್ ಹೊಸದರಂತೆ ಕಾಣಬೇಕೆಂದು ಉಜ್ಜಬೇಡಿ. ಈ ವಾರ ಒಂದು, ಮುಂದಿನ ವಾರ ಇನ್ನೊಂದು. ಎರಡನ್ನೂ ಒಂದೇ ದಿನ ಮುಟ್ಟಬಾರದು. ಸ್ಪಾಂಜ್ ಕಟ್ಟಿಕೊಂಡಿದೆ ಎಂಬುದಕ್ಕೆ ಗುರುತೆಂದರೆ, ಗುಳ್ಳೆ ಕೊಳವೆಯಲ್ಲಿ ಏರದೆ ಸ್ಪಾಂಜಿನ ಪಕ್ಕದಿಂದ ಜಿನುಗತೊಡಗುತ್ತದೆ. ಸ್ಪಾಂಜ್ ಹೊಲಸನ್ನು ಹಿಡಿಯುತ್ತದೆಯೇ ಹೊರತು ಹೊರಗೆ ಹಾಕುವುದಿಲ್ಲ. ತಳದಲ್ಲಿ ಬಿದ್ದ ಹಿಕ್ಕೆ, ತಿನ್ನದೆ ಬಿಟ್ಟ ಆಹಾರವನ್ನು ದಿನವೂ ಪೈಪ್ ಇಟ್ಟು ಎಳೆಯಲೇಬೇಕು. ಅದು ಆಗದು ಎನ್ನುವವರಿಗೆ ಈ ಫಿಲ್ಟರ್ ಬೇಡ. ಡಿಸ್ಕಸ್ಸೂ ಬೇಡ.

ಮೀನು ತರುವ ಮೊದಲು ಸೈಕ್ಲಿಂಗ್‌ಗೆ, ಅಂದರೆ ಸ್ಪಾಂಜಿನಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸುವುದಕ್ಕೆ, ನಾಲ್ಕರಿಂದ ಆರು ವಾರ ಇಡಿ. 210 ಲೀಟರಿಗೆ 1.3 ಗ್ರಾಂ ಅಮೋನಿಯಂ ಕ್ಲೋರೈಡ್ ಕರಗಿಸಿದರೆ ಅಮೋನಿಯ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಆಸುಪಾಸಿಗೆ ಬರುತ್ತದೆ. ಹೀಟರ್ 29ರಲ್ಲಿ ಇರಲಿ, ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಅಮೋನಿಯ 0.5ಕ್ಕೆ ಇಳಿದಾಗ ಮತ್ತೆ ಅಷ್ಟೇ ಹಾಕಿ. ಹಾಕಿದ 24 ಗಂಟೆಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಬಂದ ದಿನ ಟ್ಯಾಂಕ್ ಸಿದ್ಧ. ಆಗ ಮುಕ್ಕಾಲಿಗಿಂತ ಹೆಚ್ಚು ನೀರು ಬದಲಿಸಿ, ಅಂದೇ ಮೀನು ಬಿಡಿ. ಅಳೆಯಲು ದ್ರವದ ಟೆಸ್ಟ್ ಕಿಟ್ ಬೇಕು, ಕಾಗದದ ಪಟ್ಟಿಯನ್ನು ನಂಬಬೇಡಿ. ನೀರು ಕನ್ನಡಿಯಂತಿದೆ ಎಂದು ನಾಲ್ಕೇ ದಿನಕ್ಕೆ ಮೀನು ಬಿಟ್ಟರೆ, ಬಿಸಿಯೂ ಪಿಎಚ್ಚೂ ಹೆಚ್ಚಿರುವ ನೀರಿನಲ್ಲಿ ಅಮೋನಿಯದ ವಿಷ ಇನ್ನಷ್ಟು ಏರಿ ವಾರದೊಳಗೆ ಎಲ್ಲವೂ ಕಪ್ಪಾಗಿ ಮೂಲೆ ಸೇರುತ್ತವೆ.

ಹೀಟರಿನ ವಿಷಯದಲ್ಲಿ ಉಳಿತಾಯ ಬೇಡವೇ ಬೇಡ. ಡಿಸ್ಕಸ್ಸಿಗೆ 28ರಿಂದ 30 ಡಿಗ್ರಿ ಬೇಕು, ಜನವರಿಯ ರಾತ್ರಿ ಬೆಂಗಳೂರಿನ ಹೊರಗಿನ ಗಾಳಿ 15ಕ್ಕೆ ಇಳಿಯುತ್ತದೆ. 300 ವಾಟ್‌ನ ಒಂದರ ಬದಲು 150 ವಾಟ್‌ನ ಎರಡು ಹಾಕಿ. ಒಂದು ಕೆಟ್ಟು ಆಫ್ ಆದರೆ ಇನ್ನೊಂದು ಬೆಳಗಿನವರೆಗೆ ಕಾಯುತ್ತದೆ. ಒಂದು ಆನ್ ಆಗಿಯೇ ಸಿಕ್ಕಿಕೊಂಡರೆ, ಕೋಣೆ 20 ಡಿಗ್ರಿ ಇದ್ದಾಗ, ನೀರು ಬಿಸಿಯಾದರೂ ಬೇಯುವ ಮಟ್ಟಕ್ಕೆ ಹೋಗುವುದಿಲ್ಲ. 300 ವಾಟ್‌ನದು ಸಿಕ್ಕಿಕೊಂಡರೆ ಒಂದು ಮೀನೂ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಈ ಲೆಕ್ಕವೂ ಸಾಲದು, ಎಸ್‌ಟಿಸಿ-1000ದಂಥ, ಬಿಸಿ ನೋಡಿ ಹೀಟರ್ ಆಫ್ ಮಾಡುವ ಹೊರಗಿನ ಕಂಟ್ರೋಲರ್ ಮೂಲಕವೇ ಎರಡನ್ನೂ ಓಡಿಸಬೇಕು. ಹೀಟರನ್ನು ತಳದ ಹತ್ತಿರ ಅಡ್ಡಲಾಗಿ, ಸ್ಪಾಂಜ್ ಫಿಲ್ಟರ್ ಪಕ್ಕದಲ್ಲೇ ಕೂರಿಸಿದರೆ ಬಿಸಿ ಎಲ್ಲ ಕಡೆ ಹರಡುತ್ತದೆ. ನೀರು ತೆಗೆಯುವ ಮೊದಲು ಪ್ಲಗ್ ಕಿತ್ತುಬಿಡಿ. ಬಿಸಿ ಗಾಜು ಗಾಳಿಗೆ ತೆರೆದುಕೊಂಡು ಆಮೇಲೆ ತಣ್ಣೀರು ತಾಗಿದರೆ ಒಡೆಯುತ್ತದೆ. ಟ್ಯಾಂಕಿನ ಹಿಂದೆ ಮತ್ತು ಎರಡು ಪಕ್ಕಕ್ಕೆ ಥರ್ಮಾಕೋಲ್ ಅಂಟಿಸಿ ಮೇಲೆ ಗಾಜು ಮುಚ್ಚಿದರೆ ಕರೆಂಟ್ ಬಿಲ್ಲಿನಲ್ಲಿ ವ್ಯತ್ಯಾಸ ಕಾಣುತ್ತದೆ.

ಇನ್ನು ನೀರು. ಎರಡೂವರೆ, ಮೂರು ಇಂಚಿನ ಮರಿಗಳಿಗೆ ದಿನ ಬಿಟ್ಟು ದಿನ ಅರ್ಧ ಟ್ಯಾಂಕ್, ಬೆಳೆದವಕ್ಕೆ ವಾರಕ್ಕೆ ಎರಡು ಸಲ. ಇದಕ್ಕೆ 200 ಲೀಟರಿನ ಡ್ರಮ್, ಒಂದು ಏರ್ ಸ್ಟೋನ್, ಒಂದು ಹೀಟರ್ ಬೇಕು. 100 ಲೀಟರನ್ನು 22ರಿಂದ 29ಕ್ಕೆ ಏರಿಸಲು 0.8 ಯೂನಿಟ್ ಕರೆಂಟ್ ಬೇಕು. 300 ವಾಟ್ ಹೀಟರಿಗೆ ಅದು ಮೂರು ಗಂಟೆಯ ಹತ್ತಿರದ ಕೆಲಸ. ನೀರನ್ನು ಒಂದು ದಿನ ಗಾಳಿ ಹಾಕಿಯೇ ಇಡಬೇಕು, ಏಕೆಂದರೆ ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್ ಹೊರಟಂತೆ ಪಿಎಚ್ ಏರುತ್ತದೆ. ಆ ಏರಿಕೆ ಡ್ರಮ್ಮಿನಲ್ಲಿ ಮುಗಿದುಹೋಗಲಿ, ಮೀನಿನ ಮೈಮೇಲೆ ಆಗಬಾರದು. ಕ್ಲೋರಿನ್ ತೆಗೆಯಲು 100 ಲೀಟರಿಗೆ 1 ಗ್ರಾಂ ಹೈಪೋ (ಸೋಡಿಯಂ ಥಯೋಸಲ್ಫೇಟ್ ಹರಳು) ಸಾಕು. ಸಂಪು ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ ವಾರ ಮಾತ್ರ ಆ ನೀರನ್ನು ಮುಟ್ಟಲೇಬೇಡಿ. ಟ್ಯಾಂಕರ್ ನೀರು ಪ್ರತಿ ಸಲವೂ ಬೇರೆ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ; ಟ್ಯಾಂಕಿಗಿಂತ ನೂರಕ್ಕೂ ಮಿಕ್ಕಿ ವ್ಯತ್ಯಾಸವಿದ್ದರೆ ಅಂದು ಕಾಲು ಭಾಗ ಮಾತ್ರ ಬದಲಿಸಿ.

ಆರ್‌ಒ ನೀರು ಬೇಕೇಬೇಕು ಎಂಬ ಮಾತು ಮರಿ ಮಾಡಿಸುವವರಿಗೆ ಸರಿ, ಮೊಟ್ಟೆಗೆ ಮೆದು ನೀರು ಬೇಕು. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮೀನಿಗೆ ಟಿಡಿಎಸ್ 300, 400 ಇದ್ದರೂ ತೊಂದರೆಯಿಲ್ಲ. ಬರೀ ಆರ್‌ಒ ಹಾಕಿದರೆ ನೀರಿನಲ್ಲಿ ಕಾರ್ಬೊನೇಟ್ ಇಲ್ಲದೆ ಪಿಎಚ್ 6ಕ್ಕಿಂತ ಕೆಳಗೆ ಕುಸಿಯುತ್ತದೆ, ಸ್ಪಾಂಜಿನ ಬ್ಯಾಕ್ಟೀರಿಯಾ ಕೆಲಸ ಹೆಚ್ಚುಕಡಿಮೆ ನಿಲ್ಲಿಸುತ್ತವೆ.

ಆರೂ ಮೀನನ್ನು ಒಂದೇ ಕಡೆ, ಒಂದೇ ದಿನ ಕೊಳ್ಳಿ. ದುಂಡು ಮೈಗೆ ಚಿಕ್ಕ ಕಣ್ಣು ಚೆನ್ನ. ಚಿಕ್ಕ ಮೈಗೆ ದೊಡ್ಡ ಕಣ್ಣಿದ್ದರೆ ಅದು ಬೆಳವಣಿಗೆ ಕುಂಠಿತವಾದ ಮೀನು, ಮುಂದೆಯೂ ಬೆಳೆಯದು. ಐದು ನಿಮಿಷ ಗಾಜಿನ ಮುಂದೆ ನಿಂತು ಕಿವಿರು ನೋಡಿ. ಒಂದು ಕಡೆಯದನ್ನು ಬಿಗಿಯಾಗಿ ಮುಚ್ಚಿ ಇನ್ನೊಂದರಿಂದಷ್ಟೇ ಉಸಿರಾಡುತ್ತಿದ್ದರೆ ಬಿಟ್ಟುಬಿಡಿ, ಕಿವಿರಿನಲ್ಲಿ ಹುಳ ಇರುವ ಸಂಭವ ಹೆಚ್ಚು. ಜೊತೆಗೆ ಏಂಜೆಲ್ ಮೀನು ಬೇಡ. ಚರಂಡಿಯಿಂದ ಹಿಡಿದು ತರುವ ಜೀವಂತ ಟ್ಯೂಬಿಫೆಕ್ಸ್ ಹುಳವೂ ಬೇಡ.

ಫಿಲ್ಟರ್ ಕೊಳ್ಳುವಾಗ ಎರಡರ ಬದಲು ಮೂರು ಕೊಳ್ಳಿ. ಮೂರನೆಯದು ಚಿಕ್ಕದಾದರೂ ಸರಿ, ದೊಡ್ಡ ಟ್ಯಾಂಕಿನ ಮೂಲೆಯಲ್ಲಿ ಸದಾ ಓಡುತ್ತಿರಲಿ. ಒಂದು ಮೀನು ಕಪ್ಪಾಗಿ ಆಹಾರ ಬಿಟ್ಟು ಬಿಳಿ ನೂಲಿನಂಥ ಹಿಕ್ಕೆ ಹಾಕತೊಡಗಿದರೆ, ಆ ಸ್ಪಾಂಜನ್ನೇ ತೆಗೆದು 40 ಲೀಟರಿನ ಬೇರೆ ಟ್ಯಾಂಕಿಗೆ ಹಾಕಿದರೆ ಹತ್ತು ನಿಮಿಷದಲ್ಲಿ ಆಸ್ಪತ್ರೆ ತಯಾರು. ಚಿಕಿತ್ಸೆ ಮುಗಿದ ಮೇಲೆ ಆ ಸ್ಪಾಂಜನ್ನು ಹಾಗೆಯೇ ವಾಪಸು ತರಬೇಡಿ. ಬ್ಲೀಚಿನಲ್ಲಿ ಅದ್ದಿ, ತೊಳೆದು, ಎರಡು ದಿನ ಬಿಸಿಲಿನಲ್ಲಿ ಗರಿಗರಿ ಒಣಗಿಸಿ, ಮತ್ತೆ ಮೊದಲಿನಿಂದ ಮೂಲೆಯಲ್ಲಿ ಓಡಲು ಬಿಡಿ.